ಗಮಕಸಮಾಸವೂ ಕನ್ನಡದ ವಿಶೇಷಣವೂ

ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ ವಚನ ವಿಭಕ್ತಿಗಳನ್ನು ಅನುಸರಿಸಿ ನಡೆಯುವುದು. ಕನ್ನಡದಲ್ಲಿ ಈ ಅನುಸರಣೆಯಿಲ್ಲ. ‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿಯರು’, ‘ಒಳ್ಳೆಯ ಮಾತಿನಿಂದ’ ಎಂಬಲ್ಲಿ ‘ಒಳ್ಳೆಯ’ ಎಂಬುದು ಎಳ್ಳಷ್ಟೂ ಮಾರ್ಪಡದು. ವಿಭಕ್ತಿಯನ್ನು ಧರಿಸದ ನಾಮವು ವಾಕ್ಯದಲ್ಲಿ ಪದವೆನಿಸಿಕೊಳ್ಳಲಾರದೆಂಬ ಸಂಪ್ರದಾಯದಲ್ಲಿ ನುರಿತ ನಮ್ಮ ಪ್ರಾಚೀನ ವೈಯಾಕರಣರಿಗೆ ಇದೊಂದು ತೊಡಕಾಗಿದ್ದಿರಬೇಕು. ಅವರು ಕಂಡುಕೊಂಡ ದಾರಿ ಸಮಾಸ. ಅಲ್ಲಿ ಪೂರ್ವಪದದ ವಿಭಕ್ತಿಯು ಲೋಪವಾಗುವುದು ಸಹಜವಷ್ಟೆ.

ಕರ್ಮಧಾರಯದ ಮಟ್ಟಿಗೆ ಈ ದಾರಿ ನಿರ್ದುಷ್ಟವಾದುದು. ‘ಹಿರಿದು’ ‘ಮರ’ ಸೇರಿ ‘ಹೆಮ್ಮರ’ವಾದಾಗ, ‘ಇನಿದು’ ‘ಸರ’ ಸೇರಿ ‘ಇಂಚರ’ವಾದಾಗ ಪೂರ್ವಪದದ ರೂಪವೇ ಬದಲಾಗುತ್ತದೆ, ನಡುವೆ ಬೇರೊಂದು ಮಾತಿಗೆ ಎಡೆಯಿಲ್ಲ. ಆದರೆ ‘ಆ ಮರ’, ‘ಬಂದ ಹುಡುಗ’ ಮುಂತಾದುವು ಹಾಗಲ್ಲ. ಇವುಗಳಿಗಾಗಿಯೇ ಕೇಶಿರಾಜನ ‘ಶಬ್ದಮಣಿದರ್ಪಣ’ವು (13ನೆಯ ಶತಮಾನ) ಗಮಕಸಮಾಸವೆಂಬ ಬಗೆಯನ್ನು ಅಂಗೀಕರಿಸಿದೆ. ಸರ್ವನಾಮ, ಸಂಖ್ಯೆ, ಕೃದಂತ, ಗುಣವಚನಗಳು ನಾಮಪದದ ಮುನ್ನ ನಿಂತರೆ ಅದು ಗಮಕವೆಂಬುದು ಮುಂದಿನ ಪರಂಪರೆಯ ಲಕ್ಷಣ. ಸಂಸ್ಕೃತದ ಸಮಾಸಗಳ ಪಟ್ಟಿಯಲ್ಲಿ ಇದಕ್ಕೆ ಸಾಟಿಯಿಲ್ಲ.

ಇದು ನಿಜವಾಗಿ ಸಮಾಸವೇ? ‘ನಿನ್ನೆ ಊರಿನಿಂದ ಬಂದ ಹುಡುಗ’ ಎಂಬುದನ್ನು ನೋಡಬಹುದು. ‘ನಿನ್ನೆ’, ‘ಊರಿನಿಂದ’ ಎಂಬಿವು ಅನ್ವಯಿಸುವುದು ‘ಬಂದ’ ಎಂಬುದಕ್ಕೆ, ‘ಹುಡುಗ’ನಿಗಲ್ಲ. ಸಮಾಸದೊಳಗಿನ ಪದವು ಹೊರಗಿನ ಪದವನ್ನು ಅಪೇಕ್ಷಿಸಬಾರದೆಂದು ಪತಂಜಲಿಯ ಮಹಾಭಾಷ್ಯದಲ್ಲಿಯೇ ಚರ್ಚೆಯಿದೆ. ‘ರಾಜಪುರುಷ’ ಎಂದ ಬಳಿಕ ಅದರೊಳಗಿನ ರಾಜನಿಗೆ ಮಾತ್ರ ಹೊರಗಿನಿಂದ ವಿಶೇಷಣವನ್ನು ತಗುಲಿಸುವಂತಿಲ್ಲ. ‘ದೇವದತ್ತಸ್ಯ ಗುರುಕುಲಂ’ ಎಂಬಂಥ ಅಪವಾದಗಳನ್ನು ಒಪ್ಪಿದುದು ಅರ್ಥವು ಗಮ್ಯವಾಗುವುದೆಂಬ, ಎಂದರೆ ಗಮಕತ್ವದ, ಬಲದಿಂದ. ಕನ್ನಡದ ಈ ಹೆಸರಿನ ಹಿಂದೆ ಆ ಚರ್ಚೆಯ ನೆನಪಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಸಂಸ್ಕೃತದಲ್ಲಿ ಅಪವಾದವಾಗಿದ್ದುದು ಕನ್ನಡದಲ್ಲಿ ದಿನದಿನದ ವಾಕ್ಯರಚನೆಯಾಗಿರುವುದೇ ವಿಶೇಷ. ಇನ್ನೊಂದು ಸಾಕ್ಷ್ಯವೂ ಉಂಟು: ಕನ್ನಡ ಸಂಸ್ಕೃತ ಶಬ್ದಗಳನ್ನು ಬೆಸೆದರೆ ಅರಿಸಮಾಸವೆಂದು ದೂಷಿಸುವ ಶಾಸ್ತ್ರವು ‘ಮಾಡಿದ ಪುಣ್ಯ’ದಲ್ಲಿ ಆ ದೋಷವನ್ನು ಎಣಿಸುವುದಿಲ್ಲ. ಹೆಸರಿನಲ್ಲಿ ಸಮಾಸವಾದುದನ್ನು ಶಾಸ್ತ್ರಕಾರರು ವ್ಯವಹಾರದಲ್ಲಿ ಬಿಡಿಪದಗಳ ಸಾಲೆಂದೇ ಕಂಡರೆನ್ನಬೇಕು. ಅವರ ಕಿವಿ ಅವರ ಪರಿಭಾಷೆಗಿಂತ ಸೂಕ್ಷ್ಮವಾಗಿತ್ತು.

1856ರಲ್ಲಿ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ವಿಶೇಷಣಗಳು ಗುಣವನ್ನೋ ಸಂಬಂಧವನ್ನೋ ಹೇಳುವ ನಾಮಗಳೇ, ಬೇರೊಂದು ನಾಮದ ಮುನ್ನ ನಿಂತು ವಿಶೇಷಣಾರ್ಥವನ್ನು ಪಡೆಯುವುವೆಂದು ಬರೆದರು. ಇದು ‘ಹಿರಿದು’, ‘ಕಿರಿದು’ಗಳಿಗೆ ಚೆನ್ನಾಗಿ ಹೊಂದುವುದು, ‘ಬಂದ’ ಎಂಬುದಕ್ಕೆ ಹೊಂದದು. ಡಿ. ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೂಪಕ್ಕಿಂತ ಕಾರ್ಯವನ್ನು ಮುಂದಿಟ್ಟು, ವಿಶೇಷ್ಯವನ್ನು ವಿಶೇಷಿಸುವುದೇ ಈ ವರ್ಗದ ಮುಖ್ಯ ಕಾರ್ಯವೆಂದು ವಿಚಾರಿಸಿದರು.

ಕಾರ್ಯವನ್ನು ಹಿಡಿದು ನೋಡಿದರೆ ಅನುಸರಣೆಯು ಕನ್ನಡದಲ್ಲಿ ಎಲ್ಲಿ ಅಡಗಿದೆಯೆಂಬುದೂ ತಿಳಿಯುವುದು. ‘ಆ ಹುಡುಗ ಒಳ್ಳೆಯ’ ಎಂದರೆ ವಾಕ್ಯವು ಮುಗಿಯದು; ‘ಒಳ್ಳೆಯವನು’ ಎನ್ನಬೇಕು. ಹುಡುಗಿಯಾದರೆ ‘ಒಳ್ಳೆಯವಳು’, ಮಾತಾದರೆ ‘ಒಳ್ಳೆಯದು’. ಹಳಗನ್ನಡದ ‘ಪಿರಿಯಂ, ಪಿರಿಯಳ್, ಪಿರಿದು’ಗಳೂ ಇದೇ ಜಾತಿಯವು. ವಿಶೇಷ್ಯದ ಮುನ್ನ ಲಿಂಗವಚನಗಳನ್ನು ತೊರೆದ ಶಬ್ದವು ವಾಕ್ಯಾಂತ್ಯಕ್ಕೆ ಬಂದೊಡನೆ ಅವನ್ನು ಧರಿಸುವುದು. ಶಾಲೆಯ ವ್ಯಾಕರಣಗಳು ‘ಬಂದ ಹುಡುಗ’ವನ್ನು ಇಂದಿಗೂ ಸಮಾಸಪ್ರಕರಣದಲ್ಲಿಯೇ ಹೇಳಿಕೊಡುತ್ತವೆ, ‘ಬಂದವನು’ ಎಂಬುದನ್ನು ಅದರಿಂದ ದೂರದ ಕೃದಂತಪ್ರಕರಣದಲ್ಲಿ.