ಜಿ. ಅರುಣ್ ಮಯ್ಯ

ಜಿ. ಅರುಣ್ ಮಯ್ಯ ಮಣಿಪಾಲದ ಫಿಸಿಯೋಥೆರಪಿ ಪ್ರಾಧ್ಯಾಪಕರು, ಸಂಶೋಧಕರು. ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್‌ನ ಡೀನ್ ಆಗಿ ಸೇವೆ ಸಲ್ಲಿಸಿದ್ದಾರೆ. ಗಾಯ ಮಾಯಿಸಲು ಲೇಸರ್ ಬೆಳಕಿನ ಬಳಕೆ ಮತ್ತು ಮಧುಮೇಹಿಗಳ ಪಾದದ ಆರೈಕೆ ಇವರ ಮುಖ್ಯ ಕ್ಷೇತ್ರಗಳು.

ಭಾರತದಲ್ಲಿ ಫಿಸಿಯೋಥೆರಪಿ ಶಿಕ್ಷಣ ಬೇರೂರಿದ್ದು 1950ರ ದಶಕದ ಮುಂಬೈಯಲ್ಲಿ, ಪೋಲಿಯೊ ಹಾವಳಿಯ ಕಾಲದಲ್ಲಿ. ಕರಾವಳಿಯಲ್ಲಿ ಇಂದು ಮಣಿಪಾಲ, ಮಂಗಳೂರು, ದೇರಳಕಟ್ಟೆಗಳಲ್ಲದೆ ಮೂಡುಬಿದಿರೆಯ ಆಳ್ವಾಸ್‌ನಲ್ಲೂ ಈ ವಿದ್ಯೆ ಕಲಿಸುತ್ತಾರೆ. ಮಾಣಿ, ಬೆಳ್ತಂಗಡಿ ಕಡೆಯ ವಿದ್ಯಾರ್ಥಿಗೆ ಕಾಲೇಜು ಈಗ ದೂರವಲ್ಲ. ಆದರೆ ಸಂಧಿನೋವಿಗೆ ವ್ಯಾಯಾಮ ಹೇಳಿಕೊಡುವವರು ಎಂಬಷ್ಟಕ್ಕೇ ಈ ವೃತ್ತಿಯನ್ನು ಸೀಮಿತಗೊಳಿಸಿ ನೋಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಮಯ್ಯ ಅವರ ಕೆಲಸಕ್ಕೆ ಬೆಲೆ ಬರುವುದು ಇಲ್ಲಿಯೇ.

2005ರಲ್ಲಿ ಸಹೋದ್ಯೋಗಿಗಳೊಂದಿಗೆ ಅವರು ಪ್ರಕಟಿಸಿದ ಅಧ್ಯಯನ ಮಧುಮೇಹ ಬರಿಸಿದ ಇಲಿಗಳ ಮೇಲಿನದು. ಅದರಲ್ಲಿ ಬಳಸಿದ ಕಡಿಮೆ ಶಕ್ತಿಯ ಹೀಲಿಯಂ-ನಿಯಾನ್ ಲೇಸರ್ ಅಂಗಾಂಶವನ್ನು ಸುಡುವುದಿಲ್ಲ. ಅದರ ಕೆಂಪು ಬೆಳಕು ಜೀವಕೋಶಗಳ ಚಟುವಟಿಕೆಯನ್ನು ಪ್ರಚೋದಿಸುತ್ತದೆ ಎಂಬುದು ಈ ಚಿಕಿತ್ಸೆಯ ಆಧಾರ. ಬೆಳಕು ಪಡೆದ ಇಲಿಗಳ ಗಾಯ ಸರಾಸರಿ 18 ದಿನಗಳಲ್ಲಿ ಮಾಯಿತು, ಪಡೆಯದವುಗಳದ್ದು 59 ದಿನಗಳಲ್ಲಿ. ಇಲಿಯ ಗಾಯದ ಲೆಕ್ಕವನ್ನು ಮನುಷ್ಯನ ಪಾದಕ್ಕೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸುವುದು ಕಷ್ಟ.

ಮರುವರ್ಷ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದ ಪ್ರಬಂಧ ರೋಗಿಗಳ ಕುರಿತಾದದ್ದು. ಬಾಯಿಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯೊಳಗಿನ ಪೊರೆ ಹುಣ್ಣಾಗುತ್ತದೆ. ಗಂಜಿ ನುಂಗುವುದೂ ಯಾತನೆ. 50 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಈ ಅಧ್ಯಯನದಲ್ಲಿ, ಲೇಸರ್ ಪಡೆದವರಿಗೆ ನೋವೂ ಹುಣ್ಣಿನ ತೀವ್ರತೆಯೂ ಗಮನಾರ್ಹವಾಗಿ ಕಡಿಮೆಯಿತ್ತು. ವಿಕಿರಣ ಚಿಕಿತ್ಸೆಯನ್ನು ನಡುವೆ ನಿಲ್ಲಿಸದೆ ಮುಗಿಸಲು ಇಂಥ ಉಪಶಮನ ಬಹಳ ಮುಖ್ಯ.

ಮಣಿಪಾಲದಲ್ಲಿ ಮಧುಮೇಹ ಪಾದ ಆರೈಕೆ ಮತ್ತು ಸಂಶೋಧನಾ ಕೇಂದ್ರವನ್ನೂ ಅವರು ಮುನ್ನಡೆಸಿದರು. ಸಕ್ಕರೆ ಕಾಯಿಲೆ ಹಳತಾದಂತೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದೇ ಇಲ್ಲ. ಕೀವು ಕಂಡಾಗ ಬೆರಳು ಕತ್ತರಿಸುವ ಹಂತ ಬಂದಿರಬಹುದು. ಹುಣ್ಣಾಗುವ ಮೊದಲೇ ಸ್ಪರ್ಶಜ್ಞಾನ ಪರೀಕ್ಷಿಸುವುದು, ಅಂಗಾಲಿನ ಯಾವ ಭಾಗಕ್ಕೆ ಹೆಚ್ಚು ಒತ್ತಡ ಬೀಳುತ್ತದೆಂದು ಅಳೆಯುವುದು, ಅದಕ್ಕೆ ತಕ್ಕ ಪಾದರಕ್ಷೆ ಮತ್ತು ವ್ಯಾಯಾಮ ಸೂಚಿಸುವುದು ಇಂಥ ಆರೈಕೆಯ ತಿರುಳು. ಶಸ್ತ್ರವೈದ್ಯರ ಸರದಿ ಬಾರದಂತೆ ನೋಡಿಕೊಳ್ಳುವ ಈ ಕೆಲಸಕ್ಕೆ ನಡಿಗೆಯ ಶಾಸ್ತ್ರ ಬಲ್ಲ ಫಿಸಿಯೋಥೆರಪಿಸ್ಟರೇ ಬೇಕು.

ಡೀನ್ ಹೊಣೆ ಇನ್ನೂ ವಿಶಾಲವಾದದ್ದು. ಫಿಸಿಯೋಥೆರಪಿಯ ಜೊತೆಗೆ ವಾಕ್-ಶ್ರವಣ, ಆಕ್ಯುಪೇಶನಲ್ ಥೆರಪಿ, ಆಪ್ಟೋಮೆಟ್ರಿ, ಉಸಿರಾಟ ಚಿಕಿತ್ಸೆ, ಪ್ರಯೋಗಾಲಯ ತಂತ್ರಜ್ಞಾನ ಮುಂತಾದ ವಿಭಾಗಗಳೂ ಅದೇ ಕಾಲೇಜಿನಲ್ಲಿವೆ. ಇವುಗಳಲ್ಲಿ ಹೆಚ್ಚಿನ ವೃತ್ತಿಗಳಿಗೆ ರಾಷ್ಟ್ರಮಟ್ಟದ ಆಯೋಗ ರಚಿಸುವ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 2021ರಲ್ಲಿ. ಅದರಡಿ 2025ರಲ್ಲಿ ಬಂದ ಪಠ್ಯಕ್ರಮ, ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಿದ್ದ ಫಿಸಿಯೋಥೆರಪಿ ಪದವಿಯನ್ನು ಐದು ವರ್ಷಕ್ಕೆ ಏರಿಸಿ, ಇಂಟರ್ನ್‌ಶಿಪ್ಪಿಗೆ ಪೂರ್ತಿ ಒಂದು ವರ್ಷ ಕೊಟ್ಟಿದೆ.