ಆಸ್ಪತ್ರೆಯ ಊಟ, ಮನೆಯ ಊಟ

ಕ್ಷಯರೋಗದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಅಂದರೆ ಊರಲ್ಲಿ ಮೊದಲು ‘ಹಾಗಾದರೆ ಡಾಕ್ಟರಾ?’ ಅನ್ನುತ್ತಾರೆ. ಅಲ್ಲ ಅಂದ ಮೇಲೆ ಸಲಹೆ ಬರುತ್ತದೆ: ‘ಟೀಬಿಗೆ ಹಾಲು, ಮೊಟ್ಟೆ ಚೆನ್ನಾಗಿ ಕೊಡಬೇಕು.’ ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದಳು. ಈ ಮಾತು 1961ರಲ್ಲೇ ವಿಜ್ಞಾನದ ಕಟಕಟೆ ಹತ್ತಿ ಸೋತಿತ್ತು ಎಂದು ತಿಳಿದದ್ದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನ ಹಳೆಯ ಸಂಪುಟಗಳನ್ನು ಓದುವಾಗ.

ಕತೆ ಮದ್ರಾಸಿನದು. ಅಲ್ಲಿ 1956ರಲ್ಲಿ ಟ್ಯೂಬರ್‌ಕ್ಯುಲೋಸಿಸ್ ಕಿಮೋಥೆರಪಿ ಸೆಂಟರ್ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಎಲ್ಲವೂ ಅದರ ಹಿಂದಿದ್ದವು. ಮುಂದಾಳು ವಾಲೇಸ್ ಫಾಕ್ಸ್. ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಸ್ಯಾನಿಟೋರಿಯಂ ಹಾಸಿಗೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಪ್ರಶ್ನೆ ನೇರವಾಗಿತ್ತು: ಮನೆಯಲ್ಲೇ ಮಾತ್ರೆ ಕೊಟ್ಟರೆ ಸಾಲದೆ? ಮದ್ರಾಸಿನ ಬಡ ರೋಗಿಗಳಲ್ಲಿ ಯಾರು ಮನೆಯಲ್ಲಿ, ಯಾರು ಸ್ಯಾನಿಟೋರಿಯಂನಲ್ಲಿ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಇಬ್ಬರಿಗೂ ಒಂದು ವರ್ಷ ಅದೇ ಐಸೋನಿಯಾಜಿಡ್, ಅದೇ ಪಿ.ಎ.ಎಸ್. 1959ರಲ್ಲಿ ಫಲಿತಾಂಶ ಅಚ್ಚಾಯಿತು. ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಅಡಗಿದ್ದು ಸ್ಯಾನಿಟೋರಿಯಂನಲ್ಲಿ ನೂರಕ್ಕೆ 92 ಮಂದಿಯಲ್ಲಿ, ಮನೆಯಲ್ಲಿ 86.

ಪಠ್ಯಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನನ್ನನ್ನು ಹಿಡಿದದ್ದು ಈ ದೊಡ್ಡ ಪ್ರಯೋಗದ ಹೊಟ್ಟೆಯೊಳಗೆ ನಡೆದ ಚಿಕ್ಕ ಅಧ್ಯಯನಗಳು. ಅದೇ ರೋಗಿಗಳು, ಅದೇ ಮನೆಗಳು, ಕೇಳುವ ಪ್ರಶ್ನೆ ಮಾತ್ರ ಬೇರೆ. ಇವಿಲ್ಲದಿದ್ದರೆ ಆ 86ನ್ನು ಯಾರೂ ನಂಬುತ್ತಿರಲಿಲ್ಲ. ಮನೆಯಲ್ಲಿ ರೋಗಿ ಮಾತ್ರೆ ನುಂಗುತ್ತಾನೆಂದು ಏನು ಖಾತರಿ? ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸಿದರು, ಮೂತ್ರ ಪರೀಕ್ಷಿಸಿ ಔಷಧದ ಸುಳಿವು ಹುಡುಕಿದರು. ಬಡವರ ಬಾಗಿಲಿಗೆ ಹೀಗೆ ತನಿಖೆಗೆ ಹೋಗುವುದು ನನಗೆ ಓದುವಾಗಲೂ ಮುಜುಗರವೇ. ಮುಂದೆ ಎದುರಿಗೇ ಮಾತ್ರೆ ನುಂಗಿಸುವ ಪದ್ಧತಿ ಬಂದದ್ದರಲ್ಲಿ ಈ ಅನುಮಾನದ ಪಾಲೂ ಇದೆ.

ಎರಡನೆಯ ಆತಂಕ ಇನ್ನೂ ದೊಡ್ಡದು. ಒಂದೇ ಕೋಣೆಯ ಮನೆಯಲ್ಲಿ ಕೆಮ್ಮುವ ಅಪ್ಪನ ಪಕ್ಕದಲ್ಲೇ ಮಲಗುವ ಮಕ್ಕಳ ಗತಿ? ಎರಡೂ ಗುಂಪಿನ ಕುಟುಂಬದವರನ್ನು ಪರೀಕ್ಷಿಸುತ್ತ ಬಂದರು. ರೋಗಿಯನ್ನು ದೂರವಿಟ್ಟ ಮನೆಗಳಿಗೆ ವಿಶೇಷ ರಕ್ಷಣೆಯೇನೂ ಸಿಕ್ಕಿರಲಿಲ್ಲ. ಅಪಾಯವೆಲ್ಲ ಹೆಚ್ಚಾಗಿ ಚಿಕಿತ್ಸೆ ಶುರುವಾಗುವ ಮೊದಲೇ ಆಗಿಹೋಗಿತ್ತು. ಇದು 1960ರ ಪ್ರಬಂಧ.

ಮರುವರ್ಷದ್ದು ಊಟದ್ದು. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡರು, ವಿಶ್ರಾಂತಿ ಪಡೆದರು, ತೂಕವೂ ಹೆಚ್ಚು ಏರಿತು. ಮನೆಯವರು ಕಡಿಮೆ ಉಂಡು, ಹೆಚ್ಚು ದುಡಿದು, ಹೆಚ್ಚುಕಡಿಮೆ ಅಷ್ಟೇ ಗುಣವಾದರು. ಪ್ರಬಂಧ ಹೇಳಿದ್ದು ಇಷ್ಟು: ಒಳ್ಳೆಯ ಔಷಧ ಇದ್ದರೆ ರೋಗಾಣು ಅಡಗಲು ಊಟ ನಿರ್ಣಾಯಕವಲ್ಲ. ಲೋಕ ಕೇಳಿಸಿಕೊಂಡದ್ದು: ಊಟ ಬೇಕಾಗಿಲ್ಲ. ಹಣವಿಲ್ಲದ ಸರ್ಕಾರಗಳಿಗೆ ಇದಕ್ಕಿಂತ ಹಿತವಾದ ಸುದ್ದಿ ಇನ್ನೊಂದಿರಲಿಕ್ಕಿಲ್ಲ.

ಈ ಎರಡು ಪ್ರಬಂಧಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಒಂದು ಕುಟುಂಬದವರ ಬಗ್ಗೆ, ಇನ್ನೊಂದು ರೋಗಿಯ ತಟ್ಟೆಯ ಬಗ್ಗೆ. ಕುಟುಂಬದವರ ತಟ್ಟೆ ಎರಡರ ನಡುವೆ ಬಿದ್ದುಹೋಗಿತ್ತು. ಹೊಟ್ಟೆ ತುಂಬಿದ್ದರೆ ಅವರಿಗೆ ರೋಗ ಬರುವುದೇ ಕಡಿಮೆಯಾದೀತೇ?

ಇದನ್ನು ನೇರವಾಗಿ ಕೇಳಿದ್ದು 2019ರಲ್ಲಿ ಜಾರ್ಖಂಡಿನಲ್ಲಿ ಶುರುವಾದ ‘ರೇಷನ್ಸ್’ ಪ್ರಯೋಗ. ಮುನ್ನಡೆಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ. ಜೊತೆಗಿದ್ದದ್ದು ಅದೇ ಮದ್ರಾಸ್ ಕೇಂದ್ರ, ಈಗಿನ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. 2,800 ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳೆಲ್ಲರಿಗೂ ಪಡಿ, ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ. ಆ ಗುಂಪಿನಲ್ಲಿ ಹೊಸ ಕ್ಷಯ ನೂರಕ್ಕೆ 39ರಷ್ಟು ಕಡಿಮೆಯಾಯಿತು. ಈ ಪ್ರಯೋಗದ ಹೊಟ್ಟೆಯಲ್ಲೂ ಒಂದು ಚಿಕ್ಕ ಅಧ್ಯಯನವಿತ್ತು, ರೋಗಿಗಳದ್ದು: ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಕಡಿಮೆ. ಮದ್ರಾಸ್ ತಂಡ ತೂಕವನ್ನು ಬರೆದಿಟ್ಟಿತ್ತು, ಆದರೆ ತಕ್ಕಡಿಯಲ್ಲಿ ಭಾರವಾದದ್ದು ಕಫದ ಫಲಿತಾಂಶ.

2023ರಲ್ಲಿ ಈ ಎರಡೂ ಪ್ರಬಂಧ ಅಚ್ಚಾದವು. ಅಜ್ಜಿ ಇರಲಿಲ್ಲ. 2024ರಲ್ಲಿ ಸರ್ಕಾರ ಕ್ಷಯರೋಗಿಗಳಿಗೆ ಆಹಾರಕ್ಕೆಂದು ಕೊಡುವ 500 ರೂಪಾಯಿಯನ್ನು 1000 ಮಾಡಿತು. ಆ ದುಡ್ಡು ಬೀಳುವುದು ರೋಗಿಯ ಖಾತೆಗೆ. ಅನ್ನ ಬೇಯುವುದು ಮನೆಯವರಿಗೆಲ್ಲ ಒಂದೇ ಪಾತ್ರೆಯಲ್ಲಿ.