ಮಳವಳ್ಳಿ ರೇಷ್ಮೆಯಿಂದ ಗುಂಡು ತಡೆಯುವ ಅಂಗಿಯವರೆಗೆ

ಮದ್ದೂರಿಂದ ಮಳವಳ್ಳಿ ಕಡೆ ಬಸ್ಸಲ್ಲಿ ಹೋದವರಿಗೆ ಹಿಪ್ಪುನೇರಳೆ ತೋಟ ಹೊಸದೇನಲ್ಲ. ಕಿಟಕಿ ಪಕ್ಕ ಕೂತು ವಡೆ ತಿನ್ನುತ್ತಾ ಆ ಸೊಪ್ಪು ನೋಡಿದಾಗ ಎಲ್ಲರಿಗೂ ಸೀರೆ ನೆನಪಾದರೆ ನನಗೆ ಯುದ್ಧ ನೆನಪಾಗುತ್ತೆ. ನಗಬೇಡಿ, ಕಾರಣ ಇದೆ.

ಬಂಗಾಳದಿಂದ ತರಿಸುವ ರೇಷ್ಮೆ ಹುಳುಗಳನ್ನು ಸಾಕುವ ಬಗ್ಗೆ ಟಿಪ್ಪು ಶ್ರೀರಂಗಪಟ್ಟಣಕ್ಕೆ ಪತ್ರ ಬರೆದದ್ದು 1786ರಲ್ಲಿ. 1799ರ ಮಾರ್ಚ್ 27ರಂದು ಇದೇ ಮಳವಳ್ಳಿ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯದೆದುರು ಅವನ ಪಡೆ ಸೋತು ಹಿಂದೆ ಸರಿಯಿತು. ಮೇ 4ಕ್ಕೆ ಪಟ್ಟಣವೂ ಬಿತ್ತು, ಅವನೂ ಸತ್ತ.

ಆಗಿನ ಬಟ್ಟೆ ಕವಚ ಅಂದರೆ ನಮ್ಮಜ್ಜಿ ಹೊಲಿಯುತ್ತಿದ್ದ ಕೌದಿಯ ಅಣ್ಣ ಅನ್ನಿ. ಪದರದ ಮೇಲೆ ಪದರ, ಒತ್ತಾದ ಹೊಲಿಗೆ. ಟಿಪ್ಪುವಿನದು ಎನ್ನಲಾದ ಇಂಥವು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ಕತ್ತಿ ಏಟಿಗೆ ಸರಿ, ಹತ್ತಿರದಿಂದ ಬಂದ ಸೀಸದ ಗುಂಡಿಗೆ ಸಾಲದು.

ಗುಂಡು ನಿಲ್ಲಿಸಲು ಬಟ್ಟೆ ಗಟ್ಟಿಯಾಗಿದ್ದರೆ ಸಾಲದು ಕಣ್ರೀ. ಎಳೆ ಹರಿಯಬಾರದು, ಜೊತೆಗೆ ಹೊಡೆತವನ್ನು ಕ್ಷಣದಲ್ಲಿ ಅಕ್ಕಪಕ್ಕಕ್ಕೆ ಹಂಚಬೇಕು, ಮೀನಿನ ಬಲೆ ಹಾಗೆ. ಹತ್ತಿ ನಾರು ಗಿಡ್ಡ. ರೇಷ್ಮೆಯದು ಒಂದು ಗೂಡಿಗೆ ನೂರಾರು ಮೀಟರ್ ಒಂದೇ ಎಳೆ! ಶಿಕಾಗೋದ ಪಾದ್ರಿ ಕ್ಯಾಸಿಮಿರ್ ಝೆಗ್ಲೆನ್ 1897ರಲ್ಲಿ ರೇಷ್ಮೆ ಅಂಗಿಗೆ ಪೇಟೆಂಟ್ ಪಡೆದ. ಅಲ್ಲಿನ ಮೇಯರ್ 1893ರಲ್ಲಿ ಗುಂಡೇಟಿಗೆ ಬಲಿಯಾಗಿದ್ದರು. ಆಗಿನ ಪಿಸ್ತೂಲಿನ ನಿಧಾನದ ಗುಂಡು ಅದರಲ್ಲಿ ನಿಂತಿತು. ರೈಫಲ್ಲಿನದು ನಿಲ್ಲಲಿಲ್ಲ, ಬೆಲೆಯೂ ವಿಪರೀತ.

ಹುಳುವಿಂದ ಆಗದ್ದು ಪ್ರಯೋಗಾಲಯದಲ್ಲಾಯಿತು. 1965ರಲ್ಲಿ ಡುಪಾಂಟ್‌ನ ಸ್ಟೆಫನಿ ಕ್ವೊಲೆಕ್ ಕೈಗೆ ಸಿಕ್ಕಿದ್ದು ಮಜ್ಜಿಗೆಯಂಥ ಮಸುಕು ದ್ರಾವಣ. ನೂಲು ತೆಗೆಯುವ ಯಂತ್ರದ ತೂತು ಕಟ್ಟಿಕೊಳ್ಳುತ್ತೆ ಅಂತ ಅಲ್ಲಿನ ತಂತ್ರಜ್ಞ ಮೊದಲು ಒಪ್ಪಲೇ ಇಲ್ಲವಂತೆ. ಆಕೆ ಬಿಡಲಿಲ್ಲ. ಅದೇ ಕೆವ್ಲಾರ್ ಆಯಿತು, ತೂಕಕ್ಕೆ ತೂಕ ಉಕ್ಕಿಗಿಂತ ಐದು ಪಟ್ಟು ಬಲ.

ಆದರೂ ರೈಫಲ್ ಗುಂಡಿಗೆ ಒಂದೇ ನೂಲು ಸಾಲುತ್ತಿಲ್ಲ. ಅರಾಮಿಡ್, ಪಾಲಿಎಥಿಲೀನ್ ಪದರಗಳನ್ನು ಕೂಡಿಸಿ, ಮುಂದೆ ಸೆರಾಮಿಕ್ ಹಲಗೆ ಇಡುವುದು ವಾಡಿಕೆ. ಸೆರಾಮಿಕ್ ಗುಂಡಿನ ಮೂತಿ ಒಡೆಯುತ್ತೆ, ನಾರು ಚೂರುಗಳನ್ನು ಹಿಡಿಯುತ್ತೆ. 2024ರ ಏಪ್ರಿಲ್‌ನಲ್ಲಿ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ಪ್ರಕಟಿಸಿದ ಜಾಕೆಟ್ಟಿನಲ್ಲೂ ಸೆರಾಮಿಕ್ ಹಲಗೆ, ಅದರ ಹಿಂದೆ ಪಾಲಿಮರ್ ಇದೆ. ಸ್ನೈಪರ್ ರೈಫಲ್ಲಿನ ಆರು ಗುಂಡು ತಡೆದಿದೆ.

ಮದ್ದೂರು ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಯೋಧರೊಬ್ಬರು 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹೋದರು. ಅಲ್ಲಿ ಬಂದದ್ದು ಗುಂಡಲ್ಲ, ಸ್ಫೋಟಕ ತುಂಬಿದ ಕಾರು. ಅದನ್ನು ತಡೆಯುವ ಅಂಗಿಯನ್ನು ಇನ್ನೂ ಯಾರೂ ನೇಯ್ದಿಲ್ಲ.